ಮಷಿನ್ ಬೇಕು ಅಂದವಳು

ಸಿಡುಕಿಗೆ ಆ ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಹಾಗೆ ಕರೆದರೆ ಸಿಡುಕುತ್ತಿದ್ದಳು, ಸಿಡುಕಿದಷ್ಟೂ ಹೆಸರು ಗಟ್ಟಿಯಾಗುತ್ತಿತ್ತು. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡೇ ಹುಟ್ಟಿದವಳು ಎಂದು ಅವಳ ಅಕ್ಕ ನಗುತ್ತಿದ್ದಳು.

ಅಕ್ಕತಂಗಿ ಇಬ್ಬರೂ ಕಟ್ಟಡದ ಕೆಲಸದಲ್ಲೇ ಕೂದಲು ನರೆಸಿಕೊಳ್ಳುತ್ತಿದ್ದವರು. ಕೆಳಗೆ ಕಲಸಿದ ಗಾರೆಯನ್ನು ಬಾಂಡಲಿಗೆ ತುಂಬಿಸಿಕೊಳ್ಳುವುದು, ತಲೆಯ ಮೇಲೆ ಬಟ್ಟೆಯ ಸಿಂಬೆ ಇಟ್ಟು ಅದರ ಮೇಲೆ ಬಾಂಡಲಿ ಹೊರುವುದು, ಹಿಡಿದುಕೊಳ್ಳಲು ಏನೂ ಇಲ್ಲದ ಮೆಟ್ಟಿಲು ಹತ್ತಿ ಮೇಲಿನ ಮಹಡಿಯ ಗಾರೆಯವರ ಕಾಲಬುಡದಲ್ಲಿ ಸುರಿಯುವುದು, ಖಾಲಿ ಬಾಂಡಲಿ ಹಿಡಿದು ಇಳಿಯುವುದು. ಅವರ ಜೊತೆ ಇನ್ನೂ ಒಂದಷ್ಟು ಹೆಂಗಸರಿದ್ದರು. ಈ ಹೆಂಗಸರನ್ನೂ ಗಾರೆಯವರನ್ನೂ ಕರೆತಂದು ಕೆಲಸಕ್ಕೆ ಹಚ್ಚಿದ ಮೇಸ್ತ್ರಿ ಬೇರೆ ಯಾರೂ ಅಲ್ಲ, ಅಕ್ಕನ ಗಂಡನೇ. ಸಿಡುಕಿ ಅವನನ್ನು ಭಾವ ಎನ್ನುತ್ತಿದ್ದಳು, ಕೆಲಸದ ಜಾಗದಲ್ಲೂ ಮನೆಯಲ್ಲೂ. ತಲೆಗೆ ಇಷ್ಟೆಂದು ಅವನ ಪಾಲು ಕಟ್ಟಡ ಕಟ್ಟಿಸುತ್ತಿದ್ದ ಸಾಹೇಬರಿಂದ ಬರುತ್ತಿತ್ತು. ತಲೆ ಹೆಚ್ಚಿದಷ್ಟೂ ಪಾಲು ಹೆಚ್ಚು.

ಹೀಗಿರುವಾಗ ಒಂದು ದಿನ ಲಾರಿಯಲ್ಲಿ ಯಂತ್ರ ಬಂತು.

ಹಳದಿ ಬಣ್ಣದ್ದು. ಕರುವಿನಷ್ಟು ಎತ್ತರ, ಮೇಲೆ ಅಗಲವಾದ ಬಾಯಿ, ಹೊಟ್ಟೆಯಲ್ಲಿ ಪಂಪು, ಹಿಂದೆ ಉದ್ದನೆಯ ಕೊಳವೆ. ಮರಳು ಸಿಮೆಂಟು ಸುರಿದರೆ ನೀರನ್ನು ತಾನೇ ಅಳೆದುಕೊಂಡು ಕಲಸುತ್ತದೆ, ಕಲಸಿದ್ದನ್ನು ಕೊಳವೆಯಲ್ಲಿ ಮೇಲಿನ ಮಹಡಿಗೆ ತಳ್ಳುತ್ತದೆ, ಅಲ್ಲಿ ಗೋಡೆಯ ಮೇಲೆ ಎರಚುತ್ತದೆ. ಗಾರೆಯವರು ಅದನ್ನು ಕರಣೆಯಲ್ಲಿ ನುಣುಪು ಮಾಡಿದರೆ ಮುಗಿಯಿತು. ಮಾರಿದ ಕಂಪನಿಯವನೊಬ್ಬ ಕಲಿಸಲು ಬಂದಿದ್ದ. ಯಾರು ಕಲಿಯುತ್ತೀರಿ ಎಂದು ಇಂಜಿನಿಯರು ಕೇಳಿದಾಗ ಗಂಡಸರೆಲ್ಲ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಆಕಾಶ ನೋಡಿದ. ಅಲ್ಲಿಗೆ ಯಾರೂ ಕೈಯೆತ್ತಬಾರದೆಂದು ಎಲ್ಲರಿಗೂ ತಿಳಿಯಿತು.

ಸಿಡುಕಿಯ ಕಾಲು ಆ ವಾರ ಉಳುಕಿತ್ತು. ಮೆಟ್ಟಿಲು ಹತ್ತಲಾಗದೆ ಇಟ್ಟಿಗೆ ರಾಶಿಯ ಮೇಲೆ ಕೂತಿದ್ದಳು. ಸುಮ್ಮನೆ ಕೂತವಳಿಗೆ ಕೂಲಿ ಇಲ್ಲ.

"ನಾನು ಕಲೀತೀನಿ ಸಾರ್," ಎಂದಳು.

ಗಂಡಸರು ನಕ್ಕರು. ಇಂಜಿನಿಯರಿಗೂ ನಗು ಬಂತು, ಆದರೆ ಯಾರಾದರೂ ಒಬ್ಬರು ಬೇಕಿತ್ತು.

ಕಂಪನಿಯವನು ಸಮಾಧಾನದ ಮನುಷ್ಯ. ಹೇಳಿದ್ದನ್ನೇ ಹತ್ತು ಸಲ ಹೇಳಿಸಿಕೊಂಡರೂ ಮುಖ ಗಂಟಿಕ್ಕಲಿಲ್ಲ. ಮೊದಲ ಸಲ ಕೊಳವೆಯ ಬಾಯಿ ಹಿಡಿದಾಗ ಅದು ಹಾವಿನಂತೆ ಹೊರಳಿ ಅವಳ ಮುಖಕ್ಕೇ ಗಾರೆ ಬಳಿಯಿತು. ಎರಡನೇ ದಿನ ಮೊಳಕೈ ಪಕ್ಕೆಗೆ ಒತ್ತಿ ಹಿಡಿಯುವುದು ಬಂತು. ಆಮೇಲೆ ಒಂದು ಬೆಳಿಗ್ಗೆ, ಗಾರೆಯವರು ಚಹಾ ಕುಡಿದು ಬರುವಷ್ಟರಲ್ಲಿ ಅವಳು ಒಂದು ಕೋಣೆಯ ನಾಲ್ಕೂ ಗೋಡೆಗೆ ಗಾರೆ ಹೊಡೆದು ನಿಂತಿದ್ದಳು. ಮೈ ತುಂಬ ಸಿಮೆಂಟು. ನಗುತ್ತಿದ್ದಳು. ಅವಳು ನಗುವುದನ್ನು ನೋಡಿ ಗಾರೆಯವರಿಗೆ ದಿಗಿಲಾಯಿತು.

ಅಕ್ಕ ಅವತ್ತು ಬರಿತಲೆಯಲ್ಲಿ ಮೆಟ್ಟಿಲು ಹತ್ತಿ ಬಂದಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಸೊಂಟದ ಮೇಲಿಟ್ಟಳು, ಒಮ್ಮೆ ಹಿಂದೆ ಕಟ್ಟಿದಳು. ಕಿಟಕಿಯ ಕಂಡಿಯಲ್ಲಿ ಹೊರಗೆ ನೋಡಿದಳು.

"ಇಲ್ಲಿಂದ ನದಿ ಕಾಣುತ್ತಲ್ಲೇ," ಎಂದಳು. "ಇಷ್ಟು ದಿನ ಹತ್ತಿ ಇಳಿದಿದೀನಿ, ನೋಡೇ ಇಲ್ಲ. ಕತ್ತು ತಿರುಗಿಸಿದ್ರೆ ಬಾಂಡಲಿ ಬೀಳುತ್ತಲ್ಲ."

ಅವತ್ತು ಮನೆಯಲ್ಲಿ ಭಾವ ತಟ್ಟೆ ಸರಿಸಿ ಎದ್ದ. "ಮನೆಯೊಳಗೇ ಇದ್ಕೊಂಡು ನನ್ನ ಹೊಟ್ಟೆ ಮೇಲೆ ಹೊಡೀತಿದೀಯಲ್ಲೇ. ಆ ಡಬ್ಬ ಗಾರೆ ಹೊತ್ತರೆ ಈ ಹೆಂಗಸರೆಲ್ಲ ಎಲ್ಲಿಗೆ ಹೋಗ್ಬೇಕು? ನಿನ್ನ ಅಕ್ಕ ಎಲ್ಲಿಗೆ ಹೋಗ್ಬೇಕು?"

"ಮಷಿನ್ ಬಾಯಿಗೆ ಮರಳು ಸುರಿಯೋಕೆ ಜನ ಬೇಡ್ವಾ? ಜರಡಿ ಹಿಡಿಯೋಕೆ ಬೇಡ್ವಾ? ಕರಣೆ ಹಿಡಿಯೋದನ್ನ ನಮಗೂ ಕಲಿಸಿ. ಹೊರೋದು ತಪ್ಪಿದ್ರೆ ಮಾಡೋಕೆ ಬೇಕಾದಷ್ಟಿದೆ ಭಾವ."

"ಹೆಂಗಸರಿಗೆ ಕರಣೆ ಕೊಡ್ತಾರಂತೆ!" ಎಂದು ಅವನು ಗೋಡೆಗೆ ಹೇಳಿದ. ಅಕ್ಕನಿಗೂ ಒಳಗೊಳಗೆ ಅಳುಕಿತ್ತು. ಉಳಿದ ಹೆಂಗಸರಿಗೂ ಇತ್ತು. ತಲೆ ಹಗುರಾದದ್ದು ಹಿತವೇ. ಆದರೆ ಆ ತಲೆಯ ಲೆಕ್ಕದ ಮೇಲೇ ಕೂಲಿ ಬರುವುದು ಎಂಬುದನ್ನು ಯಾರೂ ಮರೆತಿರಲಿಲ್ಲ.

ಕಂಪನಿಯವನು ಕೈಕುಲುಕಿ ಹೊರಟ ಮೇಲೆ ಯಂತ್ರಕ್ಕೆ ಒಂದೊಂದೇ ಕಾಯಿಲೆ ಶುರುವಾಯಿತು. ಮೊದಲು ಕೊಳವೆಯಲ್ಲಿ ಕಲ್ಲು ಸಿಕ್ಕಿಕೊಂಡಿತು. ಅದಕ್ಕೆ ಜರಡಿ ಹಿಡಿದ ಮರಳೇ ಆಗಬೇಕು, ಬರುತ್ತಿದ್ದದ್ದು ಕಲ್ಲು, ಕಪ್ಪೆಚಿಪ್ಪು, ಬೇರಿನ ತುಂಡು ಎಲ್ಲ ಬೆರೆತ ಅಗ್ಗದ ಮರಳು. ಒಳ್ಳೆ ಮರಳು ತರಿಸಿ ಎಂದರೆ ಸಾಹೇಬರು, ಕೈಗಾರೆಗೆ ಆಗುವ ಮರಳು ಯಂತ್ರಕ್ಕೆ ಯಾಕಾಗುವುದಿಲ್ಲ, ಅದೇನು ಅರಮನೆಯಲ್ಲಿ ಹುಟ್ಟಿದ್ದಾ ಎಂದರಂತೆ. ಸಿಡುಕಿ ಹಳೆಯ ಮಂಚದ ಜಾಲರಿ ಹುಡುಕಿ ತಂದು ಜರಡಿ ಮಾಡಿಕೊಂಡಳು. ಅಕ್ಕನೂ ಅವಳೂ ಎಲ್ಲರಿಗಿಂತ ಮುಂಚೆ ಬಂದು ಮರಳು ಸೋಸುತ್ತಿದ್ದರು. ಗಾರೆಯವರಲ್ಲಿ ಯಾರೋ ಆ ಜರಡಿಯ ಮೇಲೇ ನಡೆದು ಹರಿದು ಹಾಕಿದರು. ಯಾರೆಂದು ಕೇಳಿದರೆ ಎಲ್ಲರೂ ಬೀಡಿ ಸೇದುತ್ತಿದ್ದರು.

ಆಮೇಲೆ ಕರೆಂಟಿನ ಕಾಟ. ಮಧ್ಯಾಹ್ನವಾದರೆ ಬೀದಿಯ ಕರೆಂಟು ಸೊರಗಿ ಮೋಟಾರು ಕೆಮ್ಮಿ ನಿಲ್ಲುತ್ತಿತ್ತು. ಜನರೇಟರು ಇತ್ತು, ಡೀಸೆಲ್ ಹಾಕುವವರಿರಲಿಲ್ಲ. ನಿಂತ ಯಂತ್ರದೊಳಗೆ ಗಾರೆ ಗಟ್ಟಿಯಾಗುವ ಮುಂಚೆ ಬಿಚ್ಚಿ ತೊಳೆಯಬೇಕು. ಸಿಡುಕಿ ಬೈಯುತ್ತಾ ತೊಳೆಯುತ್ತಿದ್ದಳು. ಕರೆಂಟನ್ನು ಬೈದಳು, ಮರಳನ್ನು ಬೈದಳು, ಯಂತ್ರವನ್ನೊಂದು ಬಿಟ್ಟು ಎಲ್ಲವನ್ನೂ ಬೈದಳು.

ಕೊನೆಗೆ ಪಂಪಿನೊಳಗಿನ ರಬ್ಬರು ಸವೆಯಿತು. ಆ ರಬ್ಬರು ಈ ದೇಶದಲ್ಲಿ ಸಿಗುವುದಿಲ್ಲ, ಹಡಗಿನಲ್ಲಿ ಬರಬೇಕು ಎಂದು ಇಂಜಿನಿಯರು ಹೇಳಿದ. ಬರಲಿ ಎಂದು ಕಾದರು. ಯಂತ್ರದ ಮೇಲೆ ನೀಲಿ ತಾಡಪಾಲು ಬಿತ್ತು. ತಾಡಪಾಲಿನ ಮೇಲೆ ಗಾರೆಯವರು ಒದ್ದೆ ಬಟ್ಟೆ ಒಣಗಿಸಿದರು. ಬಾಂಡಲಿಗಳು ಮತ್ತೆ ತಲೆಗೆ ಬಂದವು. ಸಿಡುಕಿಯೂ ಹೊತ್ತಳು. ಹೊತ್ತು ಇಳಿಯುವಾಗಲೆಲ್ಲ ಇಂಜಿನಿಯರಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ರಬ್ಬರು ಬಂತಾ ಸಾರ್?"

"ಇನ್ನೂ ಇಲ್ಲಮ್ಮ."

ಅಕ್ಕನ ಎಡಗೈ ಜೋಮು ಹಿಡಿಯಲು ಶುರುವಾದದ್ದು ಆಗಲೇ. ಮೊದಲು ಬೆರಳು, ಆಮೇಲೆ ಮೊಳಕೈವರೆಗೆ. ಆಸ್ಪತ್ರೆಯಲ್ಲಿ ಕತ್ತಿನ ಮೂಳೆ ಮೂಳೆಗೆ ಉಜ್ಜುತ್ತಿದೆ, ಇನ್ನು ತಲೆಯ ಮೇಲೆ ಹೊರೆ ಇಡಬೇಡಿ ಎಂದರು. ಹೊರೆ ಇಡದಿದ್ದರೆ ಏನಿಡಬೇಕು ಎಂದು ಅವರು ಹೇಳಲಿಲ್ಲ. ಅಕ್ಕ ಹೊತ್ತಳು. ಒಂದು ದಿನ ಮೂರನೇ ಮಹಡಿಯ ತಿರುವಿನಲ್ಲಿ ಕೈ ಸತ್ತುಹೋಗಿ ಬಾಂಡಲಿ ವಾಲಿತು, ಅದರ ಜೊತೆ ಅವಳೂ ವಾಲಿದಳು. ಮೆಟ್ಟಿಲ ಅಂಚಿಗೆ ಬಿದ್ದಳು, ಹೊರಗೆ ಬೀಳಲಿಲ್ಲ. ಹೊರಗೆ ಬಿದ್ದಿದ್ದರೆ ಕೆಳಗೆ ಕಬ್ಬಿಣದ ಸರಳುಗಳಿದ್ದವು. ಮಣಿಕಟ್ಟು ಮುರಿದಿತ್ತು. ಮುಖದ ತುಂಬ ಗಾರೆ. ಸಿಡುಕಿ ಕೊಡದಿಂದ ನೀರು ಸುರಿದು ಕಣ್ಣು ತೊಳೆಯುವಾಗ ಅಕ್ಕ, "ಗಾರೆ ಎಲ್ಲಾ ಹಾಳಾಯ್ತಲ್ಲೇ, ಬೈತಾರೇನೋ," ಎಂದಳು. ಸಿಡುಕಿಗೆ ಆ ಮಾತು ಕೇಳಿ ಬಂದ ಕೋಪಕ್ಕೆ ಹೆಸರೇ ಇರಲಿಲ್ಲ.

ಅಕ್ಕನ ಕೈಗೆ ಕಟ್ಟು ಹಾಕಿಸಿ ಮನೆಯಲ್ಲಿ ಕೂರಿಸಿದ ಕೆಲವೇ ದಿನಕ್ಕೆ ಇಂಜಿನಿಯರು ಸಿಡುಕಿಯನ್ನು ಕರೆಸಿದ. ಕೋಣೆಯಲ್ಲಿ ಭಾವನೂ ಇದ್ದ.

"ನಾಳೆ ಬ್ಯಾಂಕಿನವರು ಬರ್ತಾರೆ. ಹೊಸ ಯಂತ್ರ ಬಳಸೋರಿಗೆ ಸಾಲ ಕೊಡೋ ಯೋಜನೆ ಅಂತೆ. ಮಷಿನ್ ಓಡಿಸಿ ತೋರಿಸ್ಬೇಕು," ಎನ್ನುತ್ತಾ ಅವನು ಕಪಾಟಿನ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದ. ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಹೊಸ ರಬ್ಬರು. ಪೆಟ್ಟಿಗೆಯ ಮೇಲೆ ದಪ್ಪಗೆ ಧೂಳು ಕೂತಿತ್ತು.

ಸಿಡುಕಿ ಧೂಳಿನ ಮೇಲೆ ಬೆರಳೆಳೆದಳು. "ಇದು ಯಾವಾಗ ಬಂದಿದ್ದು ಸಾರ್?"

ಇಂಜಿನಿಯರು ಮೇಜಿನ ಮೇಲಿದ್ದ ನಕ್ಷೆ ಸರಿಮಾಡಿದ. "ಬಂದು ಸ್ವಲ್ಪ ದಿನ ಆಯ್ತು."

"ಅಕ್ಕ ಬೀಳೋಕೆ ಮುಂಚೆನಾ, ಆಮೇಲಾ?"

ಇಂಜಿನಿಯರು ನಕ್ಷೆಯನ್ನು ಸುರುಳಿ ಸುತ್ತತೊಡಗಿದ.

"ಬಾಗಿಲಲ್ಲಿ ನಿಂತು ದಿನಾ ಕೇಳ್ತಿದ್ನಲ್ಲ ಸಾರ್. ನಿಮ್ಮ ತಲೆ ಮೇಲೇ ಇತ್ತಲ್ಲ ಈ ಡಬ್ಬ!"

"ನನ್ನ ಕೈಲಿಲ್ಲಮ್ಮ ಅದು," ಎಂದ ಇಂಜಿನಿಯರು. "ಸಾಹೇಬರು ಬೇಡ ಅಂದ್ರು. ಡೀಸೆಲ್‌ಗಿಂತ ಜನ ಅಗ್ಗ ಅಂತಾರೆ. ನಾನೇನು ಮಾಡ್ಲಿ?"

ಸಿಡುಕಿ ಭಾವನ ಕಡೆ ತಿರುಗಿದಳು. ಅವನು ಕೇಳಿಸಿಕೊಂಡು ಬೆಚ್ಚಬೇಕಿತ್ತು. ಬೆಚ್ಚಲಿಲ್ಲ. ಉಗುರಿನ ಸಿಮೆಂಟು ಕೆರೆಯುತ್ತಿದ್ದ.

"ಭಾವ. ನಿಮಗೆ ಗೊತ್ತಿತ್ತಾ?"

"ಲಾರಿಯಿಂದ ಇಳಿಸಿಕೊಂಡವನೇ ನಾನು," ಎಂದ. ಸುಳ್ಳು ಹೇಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. "ಮನೆ ನಡೀಬೇಕಲ್ಲ. ಇಷ್ಟು ಜನಾನ ನಂಬಿಸಿ ಕರ್ಕೊಂಡು ಬಂದಿದೀನಿ. ಅವಳು ಬೀಳ್ತಾಳೆ ಅಂತ ನಾನೇನು ಕನಸು ಕಂಡಿದ್ನಾ?"

"ಕತ್ತಿನ ಮೂಳೆ ಸವೆದಿದೆ ಅಂತ ಡಾಕ್ಟರು ಹೇಳುವಾಗ ಪಕ್ಕದಲ್ಲೇ ನಿಂತಿದ್ದೆಯಲ್ಲೋ!"

ಅವಳು ಭಾವನನ್ನು ಏಕವಚನದಲ್ಲಿ, ಅದೂ 'ಲೋ' ಹಚ್ಚಿ ಮಾತಾಡಿಸಿದ್ದು ಅದೇ ಮೊದಲು. ಅವನು ಕೈಯೆತ್ತಿದ. ಅವಳು ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಎತ್ತಿದ ಕೈ ಅಲ್ಲೇ ನಿಂತಿತು.

"ನಾಳೆ ನಾನು ಓಡಿಸಲ್ಲ," ಎಂದಳು. "ಬ್ಯಾಂಕಿನವರಿಗೆ ನೀವೇ ಕೊಳವೆ ಹಿಡಿದು ತೋರಿಸಿ."

ಮರುದಿನ ಬ್ಯಾಂಕಿನವರು ಬಂದರು. ತಾಡಪಾಲು ತೆಗೆದು ಯಂತ್ರಕ್ಕೆ ನೀರು ಹೊಡೆದು ತೊಳೆದಿದ್ದರು. ಕರೆಂಟು ಸರಿಯಿಲ್ಲ, ಇಲ್ಲದಿದ್ದರೆ ಓಡಿಸಿ ತೋರಿಸುತ್ತಿದ್ದೆವು ಎಂದರು ಸಾಹೇಬರು. ಬ್ಯಾಂಕಿನವರು ಪರವಾಗಿಲ್ಲ ಎಂದರು. ಹೆಂಗಸರು ಹೊತ್ತು ತಂದ ಗಾರೆಯಿಂದ ಗಂಡಸರು ಮೆತ್ತಿದ ಗೋಡೆಯನ್ನು ಸವರಿ, ಯಂತ್ರದ ಕೆಲಸ ಎಷ್ಟು ನುಣುಪು ಎಂದು ತಲೆದೂಗಿದರು. ನಿಂತ ಯಂತ್ರದ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಅವರ ಕಾರು ಗೇಟು ದಾಟುವ ಮುಂಚೆಯೇ ತಾಡಪಾಲು ಮತ್ತೆ ಬಿತ್ತು.

ಸಿಡುಕಿ ಅಷ್ಟೂ ಹೊತ್ತು ಮೆಟ್ಟಿಲ ಬುಡದಲ್ಲಿ ತುಂಬಿದ ಬಾಂಡಲಿ ಹೊತ್ತು ನಿಂತಿದ್ದಳು. ಬ್ಯಾಂಕಿನವರು ಹೋಗುವತನಕ ಯಾರೂ ಅಡ್ಡ ಬರಬಾರದೆಂದು ಭಾವ ತಡೆದಿದ್ದ. "ಹ್ಞೂಂ, ಹತ್ತಿ ಇನ್ನು," ಎಂದು ಅವನು ಚಪ್ಪಾಳೆ ತಟ್ಟಿದ.

ಅವಳು ಬಾಂಡಲಿಯನ್ನು ತಲೆಯಿಂದ ಇಳಿಸಿ ಅವನ ಕಾಲಬಳಿ ಕವುಚಿ ಹಾಕಿದಳು. ಗಾರೆ ಅವನ ಚಪ್ಪಲಿಯ ಮೇಲೆ ಹರಿಯಿತು. ಹಿಂದೆ ನಿಂತಿದ್ದ ಹೆಂಗಸರಿಗೆ ಅವಳು ಪೆಟ್ಟಿಗೆಯ ವಿಷಯ ಹೇಳಿದಳು. ಕೂಗಿಯೇ ಹೇಳಿದಳು, ಮೇಲಿನ ಮಹಡಿಯವರಿಗೂ ಕೇಳುವಂತೆ. ರಬ್ಬರು ಬಂದು ಧೂಳು ಹಿಡಿದಿತ್ತು ಎಂದಳು. ಅಕ್ಕ ಬಿದ್ದದ್ದು ಅದಾದ ಮೇಲೆ ಎಂದಳು. ಇಳಿಸಿಕೊಂಡವನು ಅವಳ ಗಂಡನೇ ಎಂದಳು.

ಆಮೇಲೆ ಎಲ್ಲರಿಗಿಂತ ಹಿರಿಯಳು, ಯಂತ್ರ ನಮ್ಮನ್ನು ತಿನ್ನುತ್ತದೆ ಎಂದು ಎಲ್ಲರಿಗಿಂತ ಹೆಚ್ಚು ಹೆದರಿದ್ದವಳು, ತನ್ನ ಬಾಂಡಲಿ ಕೆಳಗಿಟ್ಟಳು. "ನನಗೆ ಮಷಿನ್ ಇಷ್ಟ ಇಲ್ಲಮ್ಮ," ಎಂದಳು. "ಆದ್ರೆ ಇದು ಮೋಸ." ಅವಳ ಹಿಂದೆ ಒಬ್ಬೊಬ್ಬರಾಗಿ ಇಟ್ಟರು. ಮೇಲಿನಿಂದ ಗಾರೆಯವರು, "ಏಯ್, ಮಾಲು ಕಳ್ಸ್ರೋ!" ಎಂದು ಕೂಗಿದರು. ಕಳಿಸುವವರು ಯಾರೂ ಇರಲಿಲ್ಲ.

ಸಾಹೇಬರಿಗೆ ಇದು ದೊಡ್ಡ ವಿಷಯವೇ ಆಗಲಿಲ್ಲ. ಫೋನು ಮಾಡಿದರು. ಮರುದಿನ ಬೆಳಿಗ್ಗೆ ಇನ್ಯಾವುದೋ ಕಡೆಯಿಂದ ಲಾರಿ ತುಂಬ ಹೆಂಗಸರು ಬಂದಿಳಿದರು. ಲಾರಿಯಲ್ಲೇ ನಿದ್ದೆಗೆಟ್ಟ ಮುಖಗಳು, ಕಂಕುಳಲ್ಲಿ ಗಂಟು.

ಸಿಡುಕಿಗೆ ಪಿತ್ತ ನೆತ್ತಿಗೇರಿತು. ಗೇಟಿಗೆ ಅಡ್ಡ ನಿಂತಳು. "ನಾಚಿಕೆ ಆಗಲ್ವಾ ನಿಮಗೆ? ನಮ್ಮ ಹೊಟ್ಟೆಗೆ ಕಲ್ಲು ಹಾಕೋಕೆ ಬಂದ್ರಾ?"

ಮುಂದಿದ್ದ ಸಣಕಲು ಹೆಂಗಸು ಗಂಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದಳು. "ನಿಮ್ಮ ಜಗಳ ಏನೋ ನಮಗೆ ಗೊತ್ತಿಲ್ಲ ತಾಯಿ. ಕೆಲಸ ಇದೆ ಅಂದ್ರು, ಹತ್ತಿಕೊಂಡ್ವಿ. ಹಿಂದೆ ಕಳಿಸ್ತೀಯಾ? ಕಳಿಸು. ಬಸ್ಸಿನ ಚಾರ್ಜು ನೀನು ಕೊಡ್ತೀಯಾ?"

ಸಿಡುಕಿಗೆ ಬೈಗುಳ ಒಂದೂ ಹೊಳೆಯಲಿಲ್ಲ. ಪಕ್ಕಕ್ಕೆ ಸರಿದಳು. ಅವರು ಒಳಗೆ ಹೋದರು, ಹಳಬರ ಬಾಂಡಲಿಗಳನ್ನೇ ಎತ್ತಿಕೊಂಡರು.

ಅವತ್ತು ಮನೆಯಲ್ಲಿ ಅವಳು ಅಕ್ಕನಿಗೆ ಎಲ್ಲವನ್ನೂ ಹೇಳಿದಳು, ಪೆಟ್ಟಿಗೆಯ ವಿಷಯವನ್ನೂ. ಹೇಳಬಾರದೆಂದುಕೊಂಡಿದ್ದಳು, ತಡೆಯಲಾಗಲಿಲ್ಲ. ಅಕ್ಕ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ಭಾವ ಬಂದಾಗ ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ.

"ನಿಮ್ಮ ಬಟ್ಟೆ ಹೊರಗೆ ಇಟ್ಟಿದೀನಿ," ಎಂದಳು. "ನಿಮ್ಮ ಅಮ್ಮನ ಮನೇಲಿರಿ. ನನ್ನ ಕೈಗೆ ಜೀವ ಬಂದ ಮೇಲೆ ಮಾತಾಡೋಣ."

"ಏನೇ, ತಂಗಿ ಮಾತು ಕೇಳ್ಕೊಂಡು..."

"ಇದು ನನ್ನ ಮಾತು. ಅವಳಾಗಿದ್ರೆ ಬಟ್ಟೆ ಸುಟ್ಟುಹಾಕ್ತಿದ್ಳು."

ಭಾವ ಬಟ್ಟೆಯ ಚೀಲ ಎತ್ತಿಕೊಂಡು ಹೋದ. ಅಕ್ಕ ಒಂದೇ ಕೈಯಲ್ಲಿ ಬಾಗಿಲು ಹಾಕಿದಳು. ಅಗುಳಿ ಸಿಡುಕಿ ಹಾಕಬೇಕಾಯಿತು.

ಕಟ್ಟಡದಲ್ಲಿ ಕೆಲಸ ಕುಂಟುತ್ತಿತ್ತು. ಹೊಸಬರಿಗೆ ಎತ್ತರದ ಅಭ್ಯಾಸವಿರಲಿಲ್ಲ. ಇಬ್ಬರು ತಲೆಸುತ್ತಿ ಕೂತರು, ಒಬ್ಬಳು ಅರ್ಧ ಮೆಟ್ಟಿಲಿಂದಲೇ ಇಳಿದುಬಿಟ್ಟಳು. ಮನೆ ಕೊಂಡವರಿಗೆ ಬೀಗದ ಕೈ ಕೊಡುವ ತಾರೀಖು ಹತ್ತಿರ ಬಂತು. ತಪ್ಪಿದರೆ ಸಾಹೇಬರು ದಂಡ ಕಟ್ಟಬೇಕು. ಆಗ ಡೀಸೆಲ್ ಬಂತು. ಜರಡಿ ಹಿಡಿದ ಮರಳೂ ಬಂತು. ಇಂಜಿನಿಯರು ಸಿಡುಕಿಯ ಮನೆ ಬಾಗಿಲಿಗೆ ತಾನೇ ಬಂದ.

"ಬಾಮ್ಮ. ಮೇಲಿನ ಮಹಡಿಗಳೆಲ್ಲ ಮಷಿನ್‌ನಲ್ಲೇ ಮುಗಿಸ್ಬೇಕಂತೆ. ನೀನು ಕೇಳಿದ್ದು ಸಿಕ್ತಲ್ಲ."

ಸಿಕ್ಕಿತ್ತು. ಯಾರ ಕುತ್ತಿಗೆಗಾಗಿಯೂ ಅಲ್ಲ, ಒಂದು ತಾರೀಖಿಗಾಗಿ. ಅವಳು ಅಕ್ಕನ ಮುಖ ನೋಡಿದಳು. "ಹೋಗೇ," ಎಂದಳು ಅಕ್ಕ. "ನಮ್ಮವರನ್ನೂ ಕರ್ಕೊಂಡು ಹೋಗು."

ಹಳೆಯ ಹೆಂಗಸರನ್ನು ಕರೆದುಕೊಂಡು ಗೇಟಿಗೆ ಬಂದರೆ ಅಲ್ಲಿ ಲಾರಿ ನಿಂತಿತ್ತು. ಹೊಸ ಹೆಂಗಸರನ್ನು ವಾಪಸು ಹತ್ತಿಸುತ್ತಿದ್ದರು. ಸಣಕಲು ಹೆಂಗಸು ಇವಳನ್ನು ಕಂಡು, "ಗೆದ್ದೆಯಲ್ಲ ತಾಯಿ," ಎಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಬರಿಯ ಆಯಾಸವಿತ್ತು. ಸಿಡುಕಿಗೆ ಕೆನ್ನೆಗೆ ಹೊಡೆದಂತಾಯಿತು.

"ಇವರನ್ನ ಯಾಕೆ ಕಳಿಸ್ತೀರಾ ಸಾರ್?"

ಇಂಜಿನಿಯರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಮಷಿನ್ ಬೇಕು ಅಂದವಳು ನೀನೇ ಅಲ್ವಾ? ಮಷಿನ್ ಇದ್ಮೇಲೆ ಇವರೆಲ್ಲ ಯಾಕೆ?"

"ಮಷಿನ್ ಬೇಕು ಅಂದೆ. ಜನ ಬೇಡ ಅಂದ್ನಾ?" ಅವಳು ಲಾರಿಯ ಮುಂದೆ ಹೋಗಿ ನಿಂತಳು. "ಹೊರೋದು ಬೇಡ ಅಂದೆ ಸಾರ್, ದುಡಿಯೋದು ಬೇಡ ಅನ್ಲಿಲ್ಲ. ಮರಳು ಸುರಿಯೋಕೆ, ಕೊಳವೆ ಎಳೆಯೋಕೆ, ಕರಣೆ ಹಿಡಿಯೋಕೆ ಬಿಡಿ. ಮಷಿನ್ ಬೇಡ ಅನ್ನೋವಾಗ ಜನ ಅಗ್ಗ ಅಂತೀರಾ, ಬೇಕು ಅನ್ನೋವಾಗ ಜನ ದಂಡ ಅಂತೀರಾ. ಎರಡು ಸಲಾನೂ ತಲೆ ಕೊಡೋರು ನಾವೇನಾ? ಇವರನ್ನ ಇಳಿಸದೇ ನಾನು ಗುಂಡಿ ಒತ್ತಲ್ಲ."

ಡ್ರೈವರು ಹಾರ್ನು ಬಾರಿಸಿದ. ಇಂಜಿನಿಯರು ತಲೆ ಚಚ್ಚಿಕೊಂಡು ಫೋನು ತೆಗೆದ, ಆ ಕಡೆ ಹೋಗಿ ಮಾತಾಡಿದ, ಬೈಸಿಕೊಂಡ, ಮತ್ತೆ ಮಾತಾಡಿದ. ಹಿಂತಿರುಗಿ ಬಂದಾಗ ಅವನ ಮುಖದಲ್ಲಿ ಬೆವರಿತ್ತು.

"ಅರ್ಧ ಜನ," ಎಂದ. "ಅದಕ್ಕಿಂತ ಹೆಚ್ಚು ನನ್ನಿಂದ ಆಗಲ್ಲ. ತಾರೀಖು ಮುಗಿಯೋವರೆಗೆ."

ಯಾವ ಅರ್ಧ ಎಂಬುದನ್ನು ಅವರೇ ಆರಿಸಿಕೊಳ್ಳಬೇಕಾಯಿತು. ಲಾರಿಯೊಳಗೆ ಸಣ್ಣ ಜಗಳವಾಯಿತು, ಒಬ್ಬಳು ಅತ್ತಳು. ಸಣಕಲು ಹೆಂಗಸು ತನಗಿಂತ ಚಿಕ್ಕವಳೊಬ್ಬಳನ್ನು ಕೆಳಗೆ ತಳ್ಳಿ ತಾನು ಒಳಗೇ ಕೂತಳು. ಸಿಡುಕಿ ಕೈ ಚಾಚಿದರೂ ಅವಳು ಇಳಿಯಲಿಲ್ಲ. ಲಾರಿ ಧೂಳೆಬ್ಬಿಸಿಕೊಂಡು ತಿರುಗಿತು.

ಸಿಡುಕಿ ಪಂಪು ಬಿಚ್ಚಿ ಹೊಸ ರಬ್ಬರು ಕೂರಿಸಿದಳು. ಇಳಿದ ಹೆಂಗಸರಿಗೆ ಮರಳು ಎಷ್ಟೆತ್ತರಕ್ಕೆ ಸುರಿಯಬೇಕೆಂದು ಕೈಯಳತೆಯಲ್ಲಿ ತೋರಿಸಿದಳು, ತೋರಿಸುವಾಗಲೂ ಸಿಡುಕಿದಳು. ಹಿರಿಯಳ ಕೈಗೆ ಒಂದು ಕರಣೆ ಕೊಟ್ಟಳು. ಗಾರೆಯವನೊಬ್ಬ ಏನೋ ಹೇಳಲು ಬಾಯಿ ತೆರೆದು, ಅವಳ ಕಣ್ಣು ನೋಡಿ, ಉಗುಳು ನುಂಗಿಕೊಂಡ.

"ದೂರ ನಿಲ್ಲಿ," ಎಂದು ಗುಂಡಿ ಒತ್ತಿದಳು. ಕೊಳವೆ ನಡುಗಿತು, ಗಾರೆ ಗೋಡೆಗೆ ರಪ್ಪನೆ ಅಪ್ಪಳಿಸಿತು. ಅವಳು ಮೊಳಕೈ ಪಕ್ಕೆಗೆ ಒತ್ತಿ ಹಲ್ಲು ಕಚ್ಚಿ ಹಿಡಿದಳು. ಈ ಸಲ ನಗಲಿಲ್ಲ.